ಹೂಗ್ಯಂನವರು ಸೇರಿಸಿದ ಸಾಲು

ಮೂರು ದಿನ ಮನೆಮನೆ ತಿರುಗಿದರೂ ಚಿಕ್ಕನಿಂಗಮ್ಮನ ಹಾಳೆಯಲ್ಲಿ ಒಂದು ಸಹಿಯೂ ಬಿದ್ದಿರಲಿಲ್ಲ. ಎಲ್ಲ ದೇಶಗಳೂ ಅಣುಬಾಂಬುಗಳನ್ನು ಕೈಬಿಡಬೇಕೆಂದು ಕೇಳುವ ಅರ್ಜಿ ಅದು. ಹನೂರು, ಯಳಂದೂರು ಕಡೆಯ ಹಳ್ಳಿಗಳ ಹಾಳೆಗಳೆಲ್ಲ ಕೊಳ್ಳೇಗಾಲದಲ್ಲಿ ಕೂಡಿ ಮಂಗಳವಾರ ದೆಹಲಿಗೆ ಹೊರಡುವುದಿತ್ತು. ಅದರಲ್ಲಿ ತನ್ನೂರು ಹೂಗ್ಯಂನ ಹೆಸರೇ ಇಲ್ಲದೆ ಹೋಗುತ್ತದಲ್ಲ ಎಂಬುದು ಅವಳ ಸಂಕಟ.

ಅವಳಿಗೆ ಓದು ಬಾರದು. ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಆಗಸ್ಟಿನ ಒಂದು ದಿನ ದೀಪಶ್ರೀ ಮೇಡಂ ಮಕ್ಕಳಿಗೆ ಹೇಳುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಕೇಳಿದ್ದಳು. ಒಂದೇ ಬಾಂಬಿಗೆ ಊರಿಗೆ ಊರೇ ಬೆಂದುಹೋಯಿತಂತೆ, ಮೆಟ್ಟಿಲ ಮೇಲೆ ಕೂತಿದ್ದವರ ನೆರಳು ಮಾತ್ರ ಕಲ್ಲಿನಲ್ಲಿ ಉಳಿಯಿತಂತೆ. ಹರೆಯದಲ್ಲಿ ಕೊಳ್ಳೇಗಾಲದಲ್ಲಿ ಒಳಗೆ ಹುಳು ಜೀವಂತವಿದ್ದ ರೇಷ್ಮೆಗೂಡುಗಳನ್ನು ಕುದಿನೀರಿಗೆ ಸುರಿದ ಕೈ ಅವಳದು. ಮೇಡಂ ಮಾತು ಕೇಳಿದ ಆ ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಮುಂದೆ ಮೇಡಂ ಅರ್ಜಿಯ ಹಾಳೆ ತಂದಾಗ ಅದನ್ನು ಮನೆಮನೆಗೆ ಒಯ್ಯುವ ಕೆಲಸ ತಾನೇ ಕೇಳಿ ಪಡೆದಿದ್ದಳು.

ಊರವರಿಗೆ ಬಾಂಬಿನ ಮೇಲೇನೂ ಪ್ರೀತಿಯಿರಲಿಲ್ಲ. ಅವರು ಹೆದರಿದ್ದು ಕಾಗದಕ್ಕೆ. ಎರಡು ವರ್ಷದ ಹಿಂದೆ ಯಾರೋ ಬಂದು ಸರ್ವೆ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ಆಮೇಲೆ ನೋಡಿದರೆ ಅದು ಕಾಡಂಚಿನ ಮನೆ ಬಿಟ್ಟುಕೊಡುವ ಒಪ್ಪಿಗೆ ಪತ್ರ. ರದ್ದು ಮಾಡಿಸುವಷ್ಟರಲ್ಲಿ ಊರು ಸುಸ್ತಾಗಿತ್ತು. ಮೊದಲು ಒತ್ತಿದವನು ಅವಳ ಮೈದುನ ಮುತ್ತಯ್ಯ, ಮಾದಪ್ಪನ ಗುಡಿಯಲ್ಲಿ ಕಂಸಾಳೆ ಹಿಡಿದು ಪದ ಹೇಳುವವನು. ಅವನನ್ನು ನೋಡಿಯೇ ಉಳಿದವರೂ ಒತ್ತಿದ್ದರು.

ಸೋಮವಾರ ಪೂಜೆ ಮುಗಿದ ಮೇಲೆ ಗುಡಿಯ ಜಗುಲಿಯಲ್ಲಿ ಅವಳು ಅವನ ಮುಂದೆ ಹಾಳೆ ಹಿಡಿದಳು. ದೀಪಶ್ರೀಯೂ ಜೊತೆಗಿದ್ದಳು.

"ಬ್ಯಾಡ ಅತ್ಗೆ. ಮ್ಯಾಗ್ಡೆ ಬಾಂಬು ಅಂತಿರ್ತದೆ, ಕೆಳಗ್ಡೆ ಊರು ಬುಡಿ ಅಂತಿರ್ತದೆ."

"ಮೇಡಮ್ಮೋರು ಓದ್ತಾರೆ, ಕೇಳು."

"ಆವತ್ತೂ ಓದೇ ಏಳಿದ್ರು."

"ನೀನು ಪದ ಏಳುವಾಗ ಬೆಳಗಾನ ಕೂತ್ಕಂಡು ಕೇಳಿವ್ನಿ. ನೀನು ಒಂದು ಗಳಿಗೆ ಕೇಳಾಕಾಗಕಿಲ್ವಾ?"

ಪೂಜೆಗೆ ಬಂದು ಜಗುಲಿಯ ಮೇಲೆ ಕೂತಿದ್ದ ನೆರೆಮನೆಯ ಪುಟ್ಟಬಸಮ್ಮ ನಕ್ಕಳು. "ಈಗ ನಿನ್ ಸರದಿ ಕಣಪ್ಪ. ತಲೆ ಆಡುಸ್ಕಂಡು ಕೂತ್ಕೋ."

ಮುತ್ತಯ್ಯ ಕಣ್ಣು ಮುಚ್ಚಿ ಕೂತ. ದೀಪಶ್ರೀ ಓದಿ ಮುಗಿಸಿದಾಗ "ಇನ್ನೊಂದ್ಸಲ" ಎಂದ. ಮೂರನೆಯ ಸಲ ಮುಗಿದ ಮೇಲೆ ಕೆಳಗಿನ ಬೀದಿಯ ಮನೆಯಿಂದ ಬಿ.ಎ. ಓದಿದ ತನ್ನ ಸೊಸೆ ಸಿಂಧುವನ್ನು ಕರೆಸಿದ.

"ನೀನು ಓದವ್ವ. ನೀವು ಸುಮ್ಕಿರಿ ಮೇಡಮ್ಮೋರೆ."

ಸಿಂಧು ಹಾಳೆ ನೋಡಿ ಓದುತ್ತಾ ಹೋದಳು. ಅವನು ಕಣ್ಣು ತೆರೆಯದೆ ಅವಳ ಜೊತೆಗೇ ಹೇಳುತ್ತಾ ಹೋದ. ಗುರುವಿನ ಬಾಯಿಂದ ಪದ ಕಲಿತವನ ಕಿವಿ, ಒಂದಕ್ಷರ ಆಚೀಚೆಯಾಗಿದ್ದರೂ ಹಿಡಿಯುತ್ತಿತ್ತು. ಇಬ್ಬರ ದನಿಯೂ ಕೊನೆಯವರೆಗೆ ಒಂದಾಗಿಯೇ ನಡೆಯಿತು.

"ಸರಿ ಅದೆ. ಆದ್ರೂ ಒಂದು ಸಾಲು ಸೇರುಸಿ. ಇದುಕ್ಕೂ ನಮ್ ಜಮೀನ್ಗೂ ಸಂಬಂದ ಇಲ್ಲ ಅಂತ."

ದೀಪಶ್ರೀ ಪೆನ್ನು ತೆಗೆಯುವಷ್ಟರಲ್ಲಿ ಚಿಕ್ಕನಿಂಗಮ್ಮ ಅವಳ ಕೈ ಹಿಡಿದಳು.

"ಸಂಬಂದ ಇಲ್ದೆ ಏನಪ್ಪ? ಆ ಬೆಂಕಿ ಬಿದ್ರೆ ಯಾವ ಜಮೀನು, ಯಾವ ಕಾಡು? ನೀನು ಯಾರಿಗೆ ಪದ ಏಳೀಯೆ?"

ಮುತ್ತಯ್ಯ ಒಂದೊಂದೇ ಮಾತು ತೂಗಿ ಹೇಳಿದ. ದೀಪಶ್ರೀ ಅರ್ಜಿಯ ಕೆಳಗೆ ಬರೆದುಕೊಂಡಳು: 'ನಾವು ಹೂಗ್ಯಂನವರು. ಈ ಮಣ್ಣು ಬಿಟ್ಟು ಹೋಗುವವರಲ್ಲ. ಮಣ್ಣು ಉಳಿಯಲಿ ಅಂತಲೇ ಕೇಳುತ್ತಿದ್ದೇವೆ.'

"ದೆಹಲೀಲಿ ಇದು ಅರ್ಥ ಆಗುತ್ತೋ ಇಲ್ವೋ," ಎಂದಳು ಅವಳು.

"ಆಗ್ದಿದ್ರೆ ಕರೀಲಿ ಕಣ್ರಿ. ಓಗಿ ಏಳ್ತೀನಿ, ಬಾಯಿಪಾಠ ಅದೆ."

ಎಲ್ಲರೂ ನಕ್ಕರು. ಅವನು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಹಾಳೆಯ ಮೇಲೆ ಒತ್ತಿದ. ತಿರುಗಿ ನೋಡಿದರೆ ಅಂಗಳದಲ್ಲಿ ಹತ್ತಿಪ್ಪತ್ತು ಜನ ನಿಂತಿದ್ದರು. ಕೆಲವರು ಆಗಲೇ ಕೈ ಮುಂದೆ ಚಾಚಿದ್ದರು.

"ನನ್ನ ನೋಡ್ಕಂಡು ಒತ್ತಬ್ಯಾಡಿ ಕಣ್ರಪ್ಪ," ಎಂದ ಮುತ್ತಯ್ಯ. "ಕೂತ್ಕಳಿ. ಕೇಳುಸ್ಕಂಡು ಒತ್ತಿ."

ಹಾಗೆಂದು ಅರ್ಜಿಯನ್ನು ಮೊದಲಿನಿಂದ ಹೇಳತೊಡಗಿದ.