ಕತ್ತರಿಸಿದ ಹತ್ತು ಗೇಣು

ಚೆಂಬೂರಿನ ಹೋಟೆಲಿನಲ್ಲಿ ಮೂವತ್ತು ವರ್ಷ ಸಾಂಬಾರು ಕುದಿಸಿದ ಸೀನನಿಗೆ ಅಳತೆಯೆಂದರೆ ಆಗದು. ಉಪ್ಪು, ಹುಳಿ, ಬೆಲ್ಲ ಎಲ್ಲವೂ ಕೈಯಂದಾಜು. ಆ ಕೈ ಒಮ್ಮೆಯೂ ತಪ್ಪಿರಲಿಲ್ಲವಾದ್ದರಿಂದ ಸೊಕ್ಕು ಸ್ವಲ್ಪ ಹೆಚ್ಚೇ ಇತ್ತು. ಅದೇ ಸೊಕ್ಕಿನಲ್ಲಿ ಸೋಮವಾರ ಮಧ್ಯಾಹ್ನ ಗಾಳದ ಹೊಸ ಲೈನಿಗೆ, ಹಗ್ಗದಂತೆ ದಪ್ಪಗಿರುವ ಆ ದಾರಕ್ಕೆ, ಕತ್ತರಿ ಹಾಕಿದ.

ಹನ್ನೊಂದು ವರ್ಷದಿಂದ ಅವನ ರಜೆಯ ಮಂಗಳವಾರಗಳೆಲ್ಲ ಪವಾಯಿ ಕೆರೆಗೆ ಮೀಸಲು. ಅವನು ನಿಲ್ಲುವ ದಡದಲ್ಲಿ ಬೆನ್ನಿಗೇ ಮರಗಳು, ಲೈನನ್ನು ಹಿಂದಕ್ಕೆ ಬೀಸಲು ಜಾಗವಿಲ್ಲ. ಹದಿಮೂರು ಅಡಿಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಲೈನನ್ನು ನೀರಿಗೆ ತಾಗಿಸಿ ಸುತ್ತಿ, ಮುಂದಕ್ಕೆ ಚಿಮ್ಮಿಸಬೇಕು. ಅದಕ್ಕೆ ಸ್ಪೇ ಕಾಸ್ಟಿಂಗ್ ಎನ್ನುತ್ತಾರೆ. ಮೀನಿನ ಆಸೆಗೆಂದು ತುದಿಗೆ ಕಟ್ಟುವ, ಪುಕ್ಕದಿಂದ ಮಾಡಿದ ಹುಸಿ ಹುಳುವಿಗೆ ತೂಕವೇ ಇಲ್ಲ. ಕೋಲು ಬಾಗುವುದು ಲೈನಿನ ಭಾರಕ್ಕೆ. ಭಾರ ಹೆಚ್ಚಾದರೆ ಕೋಲು ಜೋಲುತ್ತದೆ, ಕಡಿಮೆಯಾದರೆ ಬಾಗುವುದೇ ಇಲ್ಲ. ಹೊಸ ಲೈನು ಅವನ ಕೋಲಿಗೆ ನಾಲ್ಕು ಗ್ರಾಂ ಹೆಚ್ಚಾಗಿತ್ತು.

ಬೊರಿವಲಿಯ ಗೆಳೆಯ ರೋಶನ್ ಫೋನಿನಲ್ಲಿ ಎಚ್ಚರಿಸಿದ್ದ: “ಹಿಂದಿನ ತುದಿಯಿಂದ ಒಂದೊಂದೇ ಗೇಣು ಕಟ್ ಮಾಡು ಮಾರಾಯ. ತೂಕ ನೋಡು, ಎಸೆದು ನೋಡು, ಮತ್ತೆ ಕಟ್ ಮಾಡು. ಅರ್ಜೆಂಟ್ ಮಾಡ್ಬೇಡ.”

ಆದರೆ ಅರ್ಜೆಂಟಿತ್ತು. “ಗಾಳಿಗೆ ಹಗ್ಗ ಎಸೆಯುವ ಮರುಳು” ಎಂದು ಇಷ್ಟು ವರ್ಷ ನಗಾಡಿದ ಹೆಂಡತಿ ವಿನೋದಿನಿ, ನಾಳೆ ತಾನೂ ಬರುತ್ತೇನೆ ಎಂದಿದ್ದಳು. ಅವಳ ಕಣ್ಣೆದುರು ಒಂದಾದರೂ ಎಸೆತ ನೆಟ್ಟಗೆ ಬೀಳಬೇಕು, ಸೀನನಿಗೆ ಬೇರೇನೂ ಬೇಡ. ಒಂದೇ ಏಟಿಗೆ ಹತ್ತು ಗೇಣು ಕತ್ತರಿಸಿದ.

ಬಿಲ್ಡಿಂಗಿನ ಟೆರೇಸಿಗೆ ಹೋಗಿ ಬೀಸಿದರೆ ಕೋಲು ಮಿಸುಕಲಿಲ್ಲ. ಲೈನು ಕಾಲಬುಡದಲ್ಲೇ ಮುದ್ದೆಯಾಗಿ ಬಿತ್ತು. ಸಾಂಬಾರಿಗಾದರೆ ಉಪ್ಪು ಸೇರಿಸಬಹುದು, ಕತ್ತರಿಸಿದ ಲೈನಿಗೆ ಏನು ಸೇರಿಸುವುದು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನಿಗೆ ಅಳುವೇ ಬಂತು.

“ಕಟ್ ಮಾಡಿದ ತುಂಡು ಎಲ್ಲುಂಟು?” ಎಂದು ಕೆಳಗೋಡಿ ಬಂದು ಕೇಳಿದ.

ವಿನೋದಿನಿ ಕಿಟಕಿಯ ಗ್ರಿಲ್ಲು ತೋರಿಸಿದಳು. “ಗಟ್ಟಿ ಹಗ್ಗ, ಯಾರಾದ್ರೂ ಬಿಸಾಡ್ತಾರಾ? ಬಸಳೆಗೆ ಕಟ್ಟಿದ್ದೇನೆ.”

“ಬಿಚ್ಚು ಮಾರಾಯ್ತಿ!”

“ಬಿಚ್ಚಿದ್ರೆ ಬಳ್ಳಿ ಬೀಳ್ತದೆ.”

“ಬಿಚ್ಚದಿದ್ರೆ ನಾನು ಬೀಳ್ತೇನೆ!”

ಅವಳು ನಗುತ್ತಲೇ ಬಿಚ್ಚಿಕೊಟ್ಟಳು. ಸೀನ ಹೋಟೆಲಿಗೆ ಓಡಿ, ಕೇಸರಿ ತೂಗುವ ಪುಟ್ಟ ತಕ್ಕಡಿಯನ್ನು ಕೇಳಿ ತಂದ. ತೂಗಿ ನೋಡಿದರೆ ತುಂಡಿನ ಅರ್ಧ ಸಾಕಿತ್ತು. ಲೈನಿನ ತುದಿ, ತುಂಡಿನ ತುದಿ ಎರಡನ್ನೂ ಕುಣಿಕೆಯಾಗಿ ಮಡಚಿ ದಾರ ಸುತ್ತಿ ಜೋಡಿಸಬೇಕು. ಅವನ ದಪ್ಪ ಬೆರಳುಗಳಿಗೆ ಅದು ದಕ್ಕಲಿಲ್ಲ. ಸೀರೆಗಳಿಗೆ ಫಾಲ್ ಹಚ್ಚಿ ಪಳಗಿದ ವಿನೋದಿನಿ, “ಕೊಡಿ ಇಲ್ಲಿ” ಎಂದು ಕಸಿದುಕೊಂಡು ಬಿಗಿಯಾಗಿ ಸುತ್ತಿದಳು.

ಮರುದಿನ ಬೆಳಿಗ್ಗೆ ಕೆರೆಯಲ್ಲಿ ಮೊದಲೆರಡು ಎಸೆತಗಳು ಮರ್ಯಾದೆ ಕಳೆದವು. ಮೂರನೆಯದಕ್ಕೆ ಸೀನ ನಿಧಾನವಾಗಿ ಕೋಲೆತ್ತಿ, ಲೈನನ್ನು ಪಕ್ಕಕ್ಕೆಳೆದು, ಮುಂದಕ್ಕೆ ತಳ್ಳಿದ. ಕೋಲು ಬುಡದವರೆಗೆ ಬಾಗಿತು. ಲೈನು ಸುರುಳಿ ಬಿಚ್ಚುತ್ತ ದೂರ ಹೋಗಿ, ಸದ್ದಿಲ್ಲದೆ ನೀರಿನ ಮೇಲೆ ನೆಟ್ಟಗೆ ಮಲಗಿತು.

ತಿರುಗಿ ನೋಡಿದರೆ ವಿನೋದಿನಿ ನಗುತ್ತಿರಲಿಲ್ಲ.

“ಇಷ್ಟು ಚಂದ ಉಂಟಾ ಇದು?” ಎಂದಳು. ನೀರಿನಿಂದ ಕಣ್ಣು ತೆಗೆದು ಅವನತ್ತ ತಿರುಗಿ ಕೇಳಿದಳು: “ಹನ್ನೊಂದು ವರ್ಷದಲ್ಲಿ ಒಂದು ಸಲ ಆದ್ರೂ ಬಾ ಅಂತ ನನ್ನನ್ನು ಕರ್ದಿದ್ದೀರಾ?”

ಸೀನ ನೆನಪು ಮಾಡಿಕೊಂಡ. ಕರೆದಿರಲಿಲ್ಲ. ಬರುವವಳಲ್ಲ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದ.

“ತಪ್ಪಾಯ್ತು ಮಾರಾಯ್ತಿ,” ಎಂದು ಕೋಲನ್ನು ಅವಳ ಕೈಗಿಟ್ಟು ಪಕ್ಕಕ್ಕೆ ಸರಿದು ನಿಂತ. “ಎರಡೂ ಕೈಯಲ್ಲಿ ಹಿಡಿ.”