ಅಳಿಸಲಾಗದ ಡಿಸ್ಕ್

"ಒಂದ್ಸಲ ಬರೆದ್ಮೇಲೆ ಅಳಿಸೋಕೆ ಆಗದೇ ಇರೋ ಡಿಸ್ಕ್ ಕೊಡಿ" ಎಂದಳು ಟೈಲರಮ್ಮ. ಅಂಗಡಿಯವನು ಆಕೆಯ ಮುಖವನ್ನೇ ನೋಡಿದ. ಬಂದವರೆಲ್ಲ ಕೇಳುತ್ತಿದ್ದುದು ಎಷ್ಟು ಸಲ ಬೇಕಾದರೂ ಅಳಿಸಿ ಬರೆಯುವಂಥದ್ದನ್ನು.

ರೆಕಾರ್ಡರ್ ಆರಿಸುವಾಗಲೂ ಆಕೆಯದು ಇದೇ ಹಟ. ಬೇಡದ್ದನ್ನು ಕತ್ತರಿಸಬಹುದಾದ ದೊಡ್ಡ ಯಂತ್ರವನ್ನು ಆತ ಬಾಯಿ ತುಂಬ ಹೊಗಳಿದ. "ಕತ್ತರಿಸೋದು ನನ್ನ ಕಸುಬು. ಯಂತ್ರಕ್ಕೆ ಆ ಕೆಲಸ ಬೇಡ" ಎಂದು ಆಕೆ ಒಂದು ಕಡೆ ವೀಡಿಯೊ ಕ್ಯಾಸೆಟ್, ಇನ್ನೊಂದು ಕಡೆ ಡಿಸ್ಕ್ ಹಾಕುವ ಸಾದಾ ಯಂತ್ರವನ್ನೇ ತಂದಳು.

ಮಗ ಹೇಳಿದ್ದೇ ಬೇರೆ. ಭಾನುವಾರ ನೆಂಟರು ಬರುತ್ತಾರೆ, ಅಪ್ಪನ ಕೊನೆಯ ಹುಟ್ಟುಹಬ್ಬದ ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸಿಡು, ತಂಗಿ ಇರುವ ಏಳು ನಿಮಿಷವನ್ನು ನಾನೇ ತೆಗೆಯುತ್ತೇನೆ ಎಂದಿದ್ದ. ಗಂಡನ ಮನೆ ಬಿಟ್ಟು ಬಂದು ಬೇರೆ ಕೋಣೆ ಹಿಡಿದ ತಂಗಿಯ ಹೆಸರೆತ್ತಿದರೇ ಅವನಿಗೆ ಮೈಯೆಲ್ಲ ಉರಿ.

ಕ್ಯಾಸೆಟ್ಟಿನ ರೀಲಿಗೆ ಬೂಷ್ಟು ಹಿಡಿದಿತ್ತು. ಒಂದು ಸಲ ಓಡಿದರೆ ಅದೇ ಹೆಚ್ಚು ಎಂದು ಅಂಗಡಿಯವನು ಮೊದಲೇ ಎಚ್ಚರಿಸಿದ್ದ. ಮಧ್ಯಾಹ್ನ ಆಕೆ ಹೊಲಿಗೆ ನಿಲ್ಲಿಸಿ ಟೀವಿಯ ಮುಂದೆ ಕುಳಿತಳು. ಕ್ಯಾಸೆಟ್ ಒಂದೂವರೆ ಗಂಟೆಯದಾದರೆ ಇಳಿಸುವುದಕ್ಕೂ ಒಂದೂವರೆ ಗಂಟೆ. ಚಿತ್ರದಲ್ಲಿ ಗೆರೆ ಓಡಿದಾಗಲೆಲ್ಲ ಇಲ್ಲಿಗೆ ನಿಂತೇಬಿಟ್ಟಿತೇನೋ ಎಂದು ಆಕೆ ಮುಂದಕ್ಕೆ ಬಾಗುತ್ತಿದ್ದಳು. ಟೀವಿಯಲ್ಲಿ ಮಗಳು ಅಪ್ಪನ ಕನ್ನಡಕ ಹಾಕಿಕೊಂಡು ಅವನಂತೆಯೇ ಗದರಿದಳು. ಗಂಡ ಹೊಟ್ಟೆ ಹಿಡಿದು ನಕ್ಕ. ಆಸ್ಪತ್ರೆ ಸೇರುವ ಮುಂಚೆ ಅವನು ಹಾಗೆ ನಕ್ಕಿದ್ದು ಅದೇ ಕೊನೆ. ಆಕೆ ಅತ್ತಳು, ಆದರೆ ರಿಮೋಟ್ ಮುಟ್ಟಲಿಲ್ಲ.

ಎಲ್ಲ ಮುಗಿದ ಮೇಲೆ ಡಿಸ್ಕನ್ನು ಮುಚ್ಚಬೇಕು, ಆಮೇಲೆ ಸೇರಿಸುವುದಕ್ಕೂ ಆಗದು, ತೆಗೆಯುವುದಕ್ಕೂ ಆಗದು ಎಂದು ಅಂಗಡಿಯವನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಖಚಿತವೇ ಎಂದು ಯಂತ್ರ ಕೇಳಿತು. ಆಕೆ ಹೌದೆಂದು ಒತ್ತಿದಳು. ಹೊರತೆಗೆಯುವಾಗ ಕ್ಯಾಸೆಟ್ಟಿನ ರೀಲು ಸಿಕ್ಕಾಗಿ ತುಂಡಾಯಿತು.

ಸಂಜೆ ಮಗ ಬಂದು ಗುಂಡಿಗಳನ್ನೆಲ್ಲ ಒತ್ತಿ ನೋಡಿದ. ಅಳಿಸಲಾಗುವುದಿಲ್ಲ ಎಂದೇ ಪ್ರತಿ ಸಲವೂ ಟೀವಿಯಲ್ಲಿ ಬಂತು. ಅಂಗಡಿಯವನು ನಿನಗೆ ಟೋಪಿ ಹಾಕಿದ್ದಾನೆ, ನಾನು ಹೋಗಿ ವಿಚಾರಿಸುತ್ತೇನೆ ಎಂದು ಅವನು ಚಪ್ಪಲಿ ಮೆಟ್ಟಿದ.

"ಅವನ ತಪ್ಪೇನಿಲ್ಲ. ನಾನೇ ಕೇಳಿ ತಂದಿದ್ದು."

"ನೆಂಟರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕಮ್ಮಾ?"

"ನಿಮ್ಮಪ್ಪ ನಕ್ಕಿದ್ದು ಅವಳ ಪಕ್ಕ ಕೂತು. ಅವಳನ್ನ ತೆಗೆದ್ರೆ ಆ ನಗುನೂ ಹೋಗುತ್ತೆ. ನೋಡೋಕಾಗಲ್ಲ ಅಂದ್ರೆ ಆ ಏಳು ನಿಮಿಷ ನೀನು ಹೊರಗೆ ನಿಂತ್ಕೋ."

ಮಗ ಬಾಗಿಲಲ್ಲೇ ನಿಂತ. ಆಕೆ ಫೋನ್ ಎತ್ತಿ ಮಗಳಿಗೆ ಭಾನುವಾರ ಬೇಗ ಬರಲು ಹೇಳಿದಳು. ಆಮೇಲೆ ಹೊಲಿಗೆ ಯಂತ್ರದ ಮುಂದಿದ್ದ ತನ್ನ ಕುರ್ಚಿಯನ್ನು ಎಳೆದು ತಂದು, ಟೀವಿಯ ಎದುರಿಗೆ, ಎಲ್ಲಕ್ಕಿಂತ ಮುಂದೆ, ಮಗಳಿಗೆಂದು ಹಾಕಿದಳು.