ಮೆಕ್ಸಿಕೊದ ಪೇಟಿ

ಆಷಾಢ ಮುಗಿಯುತ್ತ ಬಂದಿತ್ತು. ಶಿರಗುಪ್ಪಿಯ ಹೆಸರುಕಾಳಿನ ಹೊಲಗಳಲ್ಲಿ ಎಡೆ ಹೊಡೆದು ಕಳೆ ತೆಗೆಯುವ ಕೆಲಸ ನಡೆದಿತ್ತು. ಶ್ರಾವಣದ ಭಜನೆಗೆಂದು ಸುತ್ತಲಿನ ಊರುಗಳ ಹಾರ್ಮೋನಿಯಂ ಪೇಟಿಗಳೆಲ್ಲ ರಿಪೇರಿಗೆ ಗುಲಾಬಸಾಬನ ಪಡಸಾಲೆಯಲ್ಲಿ ಬಂದು ಕುಳಿತಿದ್ದವು. ಅವುಗಳ ನಡುವೆ ಒಂದು ಕೆಂಪು ಅಕಾರ್ಡಿಯನ್. ಕೊರಳಿಗೆ ಹಾಕಿಕೊಂಡು ನುಡಿಸುವ ಗುಂಡಿಗಳ ಪೇಟಿ. ಧಾರವಾಡದ ಕಾಲೇಜಿನಲ್ಲಿ ಸಂಗೀತ ಕಲಿಸುವ ಸಂಪದಾ ಅದರ ಗಾಳಿ ಊದುವ ತಿದಿ ಹರಿದಿತ್ತೆಂದು ಹೊಲಿಯಲು ಕೊಟ್ಟಿದ್ದಳು.

ಮರುದಿನವೇ ಅವಳ ಕಾರ್ಯಕ್ರಮ. ಮೆಕ್ಸಿಕೊ ಗಡಿಯ ಹಾಡುಗಳ ಇತಿಹಾಸ ಹೇಳಿ, ಒಂದು ಹಾಡು ನುಡಿಸಿ ತೋರಿಸಬೇಕಿತ್ತು. ಪೇಟಿ ಒಯ್ಯಲು ಬಂದವಳೇ ಎರಡು ಗುಂಡಿ ಒತ್ತಿ ನೋಡಿದಳು.

"ಕಾಕಾ, ಇದರ ಸುರದಾಗಿನ ನಡುಕ ಎಲ್ಲಿ ಹೋತ್ರಿ?"

"ತಿದಿ ಹೊಲದ್ನಿ. ಒಳಗ ನೋಡಿದ್ರ ಒಂದೊಂದು ಸುರಕ್ಕ ಎರಡೆರಡು ರೀಡ, ಒಂದಕ್ಕೊಂದು ಕೂಡವಲ್ವು. ಎಲ್ಲಾ ಕೆರದು ಕೂಡಿಸೇನ್ರಿ ಅಕ್ಕಾರ. ಅದು ಪುಕಟ."

ಸಂಪದಾ ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ಅವು ಕೂಡಬಾರದ್ರಿ ಕಾಕಾ. ಬೇಕಂತನ ಹಂಗ ಇಟ್ಟಿರ್ತಾರ. ಆ ಫರಕಿನಿಂದನ ನಡುಕ ಬರೂದು."

ಫೋನಿನಲ್ಲಿ ಹಳೆಯ ಹಾಡೊಂದನ್ನು ಹಚ್ಚಿದಳು. ಜರ್ಮನಿ ಕಡೆಯಿಂದ ಟೆಕ್ಸಾಸಿಗೂ ಉತ್ತರ ಮೆಕ್ಸಿಕೊಕ್ಕೂ ಬಂದವರು ಈ ಪೇಟಿಯನ್ನೂ ಪೋಲ್ಕಾ ಕುಣಿತವನ್ನೂ ತಂದರು. ಹತ್ತಿ ಬಿಡಿಸುವ ಮೆಕ್ಸಿಕನ್ ಕೂಲಿಗಳು ಅದನ್ನು ಕಲಿತು, ಹನ್ನೆರಡು ತಂತಿಯ ದಪ್ಪ ಗಿಟಾರನ್ನು ಜೊತೆಗಿಟ್ಟುಕೊಂಡು, ತಮ್ಮ ಮದುವೆಗೂ ತಮ್ಮವರ ಕಥೆ ಹೇಳುವ ಹಾಡುಗಳಿಗೂ ಬಳಸಿದರು ಎಂದು ವಿವರಿಸಿದಳು.

"ನಮ್ಮ ಪೇಟಿನೂ ಬಿಳಿ ಸಾಹೇಬರ ಕಡಿಂದನ ಬಂದದ್ದು," ಎಂದ ಗುಲಾಬಸಾಬ. "ಆದ್ರ ನಮ್ಮ ಭಜನ್ಯಾಗ ಸುರ ನಡಗಿದ್ರ ಎದ್ದು ಹೋಗ್ತಾರ."

ಅವನ ಹೆಂಡತಿ ದಾವಲಬಿ ಚಹಾ ತಂದಿಟ್ಟಳು. "ಬೇಸೂರ ಪೇಟಿ ತಂದವರನ್ನ ಇಷ್ಟು ವರ್ಷ ಬೈದ್ರಿ. ಈಗ ನೀವ ಕುಂತು ಬೇಸೂರ ಮಾಡ್ರಿ."

"ನಾಳಿನ ಹಾಡಿಗೆ ಎಷ್ಟು ಗುಂಡಿ ಬೇಕ್ರಿ?" ಎಂದು ಕೇಳಿದ ಅವನು.

"ಒಂಬತ್ತು."

"ಅಷ್ಟು ಕೆಡಸ್ತೇನಿ."

ಪ್ರತಿ ಜೋಡಿಯಲ್ಲಿ ಒಂದು ರೀಡಿನ, ಅಂದರೆ ಸುರ ಹೊರಡಿಸುವ ಲೋಹದ ಪಟ್ಟಿಯ, ತುದಿಯನ್ನು ಸಣ್ಣ ಅರದಿಂದ ತೀಡತೊಡಗಿದ. ಸುರ ಸ್ವಲ್ಪ ಸರಿದೊಡನೆ ಅವನ ಕೈ ತಾನಾಗಿ ನಿಲ್ಲುತ್ತಿತ್ತು. ಸಂಪದಾ ಫೋನಿಗೆ ಕಿವಿಗೊಟ್ಟು, "ಇನ್ನೊಂಚೂರು ಕೆಡಸ್ರಿ," ಎನ್ನುತ್ತಿದ್ದಳು.

"ಕೈ ನಡಗಾಕತ್ತೈತಿ, ರೀಡ ನಡಗವಲ್ದು," ಎಂದ. ದಾವಲಬಿ ನಕ್ಕಳು.

ಎತ್ತುಗಳು ಹೊಲದಿಂದ ಮರಳುವ ಹೊತ್ತಿಗೆ ಒಂಬತ್ತೂ ಮುಗಿದವು. ಸಂಪದಾ ಹಾಡನ್ನು ಪೂರ್ತಿ ನುಡಿಸಿದಳು. ಫೋನಿನಲ್ಲಿ ಕೇಳಿದ್ದ ನಡುಕವೇ ಪಡಸಾಲೆ ತುಂಬಿತು.

ಅವಳು ಪರ್ಸು ತೆಗೆದಾಗ ಗುಲಾಬಸಾಬ ಕೈ ಅಡ್ಡ ಹಿಡಿದ. "ಉಳದ ಗುಂಡಿ ನನ್ನ ಮ್ಯಾಲ ಬಾಕಿ. ಶ್ರಾವಣ ಮುಗದ ಮ್ಯಾಲ ತರ್ರಿ. ಈಗ ಮಾಡಿದ್ರ ನನ್ನ ಕಿವಿ ಕೆಟ್ಟು ಊರ ಪೇಟಿ ಎಲ್ಲಾ ನಡಗತಾವು."

ಅವಳು ಬಸ್ಸಿಗೆ ಹೋದ ಮೇಲೆ, ಗುಲಾಬಸಾಬ ಭಜನಾ ಮೇಳದ ರಾಮಪ್ಪನ ಪೇಟಿಯನ್ನು ಮುಂದೆಳೆದುಕೊಂಡು ಷಡ್ಜ ಒತ್ತಿದ. ದಿನವಿಡೀ ನಡುಕ ಕೇಳಿದ ಕಿವಿಗೆ ಅದು ಸರಿಯಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಕೆಲಸವನ್ನು ಬೆಳಗಿಗೆ ಬಿಟ್ಟು ಎದ್ದ.